ಸೂಗಪ್ಪ ಕಾಕಾನಿಗೆ ಎಲ್ಲಿಗೆ ಅಂತ ಕೇಳಬಾರದು

ಯಾದಗಿರಿ ಸ್ಟೇಷನ್ನಿನಲ್ಲಿ ರೈಲು ಎರಡು ನಿಮಿಷ ನಿಲ್ಲುತ್ತದೆ ಎಂದು ರೈಲ್ವೆಯವರು ಹೇಳುತ್ತಾರೆ. ನಾನು ಪ್ಲಾಟ್‌ಫಾರ್ಮಿನಲ್ಲಿದ್ದರೆ ಐದು. ಗಾರ್ಡು ಹಸಿರು ಬಾವುಟ ಎತ್ತುವ ಮುಂಚೆ ನನ್ನ ಮುಖ ನೋಡುತ್ತಿದ್ದ. ನಾನು ಗೋಣು ಹಾಕಿದರೆ ಗಾಡಿ ಮುಂದೆ, ಇಲ್ಲವಾದರೆ ಅಲ್ಲೇ. ನಂಬದವರು ಹೋಗಿ ಆ ಗಾರ್ಡನ್ನೇ ಕೇಳಬಹುದು. ಅವನು ರಿಟೈರಾಗಿ ಈಗ ಎಲ್ಲಿದ್ದಾನೋ ಗೊತ್ತಿಲ್ಲ, ಅದು ನನ್ನ ತಪ್ಪಲ್ಲ.

ನನ್ನ ಹೆಸರು ಮನ್ಸೂರಅಲಿ. ಹನಿ ನೀರಾವರಿಯ ಪೈಪು ಮಾಡುವ ಕಂಪನಿಯೊಂದರ ಯಾದಗಿರಿ ಶಾಖೆಯಲ್ಲಿ ಟ್ರಾವೆಲ್ ಇನ್‌ಚಾರ್ಜ್. ನಮ್ಮ ಹನ್ನೊಂದು ಮಂದಿ ಫೀಲ್ಡಿನವರು ಯಾವ ಬಸ್ಸು ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಊರಿನ ಖಾನಾವಳಿಯಲ್ಲಿ ರೊಟ್ಟಿ ಮೆತ್ತಗಿರುತ್ತದೆ, ಎಲ್ಲ ನನ್ನ ತಲೆಯಲ್ಲಿತ್ತು. ಹದಿನಾರು ವರ್ಷ ಒಂದು ಚೀಟಿಯನ್ನೂ ನಾನು ಬರೆದಿಟ್ಟುಕೊಂಡವನಲ್ಲ. ಸುರಪುರದ ಬಸ್ಸಿನ ಡ್ರೈವರು ತನ್ನ ಬಸ್ಸು ಎಷ್ಟಕ್ಕೆ ಹೊರಡುತ್ತದೆ ಎಂದು ನನಗೆ ಫೋನು ಮಾಡಿ ಕೇಳುತ್ತಿದ್ದ.

ಅಂಥ ನನ್ನ ಮೇಲೆ ಹೈದರಾಬಾದಿನ ಹೆಡ್ಡಾಫೀಸು ಒಂದು ಸಾಫ್ಟ್‌ವೇರ್ ತಂದು ಹಾಕಿತು. ಹೆಸರು ಪಯಣಮಿತ್ರ. ಜೊತೆಗೆ ನಲವತ್ತೆಂಟು ಪುಟದ ಪ್ರವಾಸ ನೀತಿ. ಇನ್ನು ಮೇಲೆ ಕಂಪನಿಯ ಯಾವ ನೌಕರನೂ ಪಯಣಮಿತ್ರದಲ್ಲಿ ಮುಂಚಿತವಾಗಿ ದಾಖಲಿಸದೆ ಹೆಜ್ಜೆ ಎತ್ತುವಂತಿಲ್ಲ. ದಾಖಲಿಸಿದರೆ ಹಸಿರು ಗುರುತು, ದಾಖಲಿಸದೆ ಹೋದರೆ ಕೆಂಪು.

ಮೊದಲ ದಿನ ಪರೀಕ್ಷೆಗೆಂದು ನಾನು ಯಾದಗಿರಿಯಿಂದ ಹತ್ತಿಕುಣಿಗೆ ಎಂದು ಹಾಕಿದೆ. ಬೈಕಿನ ಮೇಲೆ ಹೋದರೆ ಚಹಾ ಆರುವುದರೊಳಗೆ ಮುಟ್ಟುವ ಊರು. ಪಯಣಮಿತ್ರ ಸ್ವಲ್ಪ ಹೊತ್ತು ಚಕ್ರ ತಿರುಗಿಸಿ, ಎರಡು ವಿಮಾನ ಬದಲಿಸಿ ಹತ್ತೊಂಬತ್ತು ತಾಸಿನಲ್ಲಿ ಹತ್ತಿಕುಣಿ ಮುಟ್ಟುವ ದಾರಿ ತೋರಿಸಿತು. ಕಿಟಕಿ ಪಕ್ಕದ ಸೀಟು ಬೇಕಾದರೆ ಮೇಲಿನವರ ಅನುಮತಿ ಬೇಕು ಎಂದೂ ಹೇಳಿತು. ನಾನು ಅನುಮತಿ ಕೇಳಿದೆ. ಕೊಡಲಿಲ್ಲ.

ಇದೆಲ್ಲ ನಡೆಯುತ್ತಿತ್ತು. ಬಸ್ಸು, ಸ್ವಂತ ಬೈಕು, ಟಂಟಂ ಆಟೋ ಎಲ್ಲವನ್ನೂ 'ಇತರೆ' ಎನ್ನುವ ಪೆಟ್ಟಿಗೆಯಲ್ಲಿ ತುಂಬಲು ಕಲಿತುಕೊಂಡೆವು. ತೊಂದರೆ ಬಂದದ್ದು ಪಯಣಮಿತ್ರದ ದನಿಯಿಂದ. ನೌಕರ ಬೆಳಿಗ್ಗೆ ಮನೆಯಿಂದ ಐವತ್ತು ಹೆಜ್ಜೆ ದಾಟಿದನೆಂದರೆ ಅವನ ಕಿಸೆಯೊಳಗಿನ ಫೋನು ಜೇನಿನಲ್ಲಿ ಅದ್ದಿದ ಹೆಣ್ಣುದನಿಯಲ್ಲಿ ಕೇಳುತ್ತಿತ್ತು: "ನಮಸ್ಕಾರ! ಇವತ್ತು ಎಲ್ಲಿಗೆ ಹೋಗುತ್ತಿದ್ದೀರಿ?"

ನಮ್ಮ ಕಡೆ ಹೊರಟ ಮನುಷ್ಯನನ್ನು ಎಲ್ಲಿಗೆ ಎಂದು ಯಾರಾದರೂ ಕೇಳುತ್ತಾರೇನು? ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ಅರ್ಥ. ನಮ್ಮ ಮನೆಯಲ್ಲಿ ದಖನಿ ಮಾತಿನಲ್ಲಿ ಇದಕ್ಕೆ ಟೋಕುವುದು ಎನ್ನುತ್ತೇವೆ. ನನ್ನ ಅಜ್ಜಿ ಟೋಕಿದವರ ಜೊತೆ ಒಂದು ವಾರ ಮಾತು ಬಿಡುತ್ತಿದ್ದಳು. ಓಣಿಯ ಹಿಂದೂಗಳ ಮನೆಯಲ್ಲೂ ಅಷ್ಟೆ. ಆದರೂ ಹರೆಯದವರು ನಕ್ಕು ಒಂದು ಊರು ಒತ್ತಿ ಮುಂದೆ ಹೋಗುತ್ತಿದ್ದರು. ಹೋಗದೆ ನಿಂತವರು ಒಬ್ಬರೇ, ಸೂಗಪ್ಪ ಕಾಕಾ.

ಸೂಗಪ್ಪ ಕಾಕಾ ನಮ್ಮ ಶಾಖೆಯ ಹಿರಿಯ ಸೇಲ್ಸ್‌ಮನ್. ಐವತ್ತೇಳು ವಯಸ್ಸು, ಹಣೆ ತುಂಬ ವಿಭೂತಿ, ಕಂಕುಳಲ್ಲಿ ಪೈಪಿನ ತುಂಡು. ಶಾಖೆಯ ಮುಕ್ಕಾಲು ಪಾಲು ಪೈಪು ಮಾರುವವರು ಅವರೇ. ಕಲ್ಲಿಗೂ ಹನಿ ನೀರಾವರಿ ಮಾಡಿಸಿಯಾರು. ಅವರು ಹಿಂದಿನ ದಿನವೇ ಊರು ಗೊತ್ತು ಮಾಡಿಕೊಳ್ಳುವ ಮನುಷ್ಯರೇ ಅಲ್ಲ. ಬೆಳಿಗ್ಗೆ ಯಾವ ರೈತನ ಪೈಪು ಇಲಿ ಕಡಿದ ಸುದ್ದಿ ಬರುತ್ತದೋ ಆ ಕಡೆ ಹೊರಡುವುದು, ಹೋದಲ್ಲಿ ಪಕ್ಕದ ಹೊಲದವನಿಗೂ ಒಂದು ಎಕರೆಯ ಪೈಪು ಮಾರಿ ಬರುವುದು.

ಪಯಣಮಿತ್ರ ಬಂದ ಮರುದಿನ ಹನ್ನೊಂದಾದರೂ ಅವರ ಸುದ್ದಿಯಿಲ್ಲ. ಮನೆಗೆ ಹೋದೆ. ಕಟ್ಟೆಯ ಮೇಲೆ ಚಪ್ಪಲಿ ಬಿಟ್ಟು ಕೂತಿದ್ದರು. ಎದುರಿಗೆ ತಂಬಿಗೆ.

"ಯಾಕ್ರಿ ಕಾಕಾ, ಆರಾಮಿಲ್ಲೇನು?"

"ಆರಾಮದೀನಿ ತಮ್ಮ. ಅಕಿ ಕೇಳಾಕತ್ಯಾಳ."

"ಯಾರು?"

"ಅಕೀ" ಎಂದು ಕಿಸೆ ತೋರಿಸಿದರು. "ಎದ್ದು ಓಣಿ ತಿರುವಿಗೆ ಹೋಗೂದ್ರಾಗ ಎಲ್ಲಿಗಿ ಅಂತಾಳ. ಹೊಳ್ಳಿ ಬಂದು ಕುಂಡರ್ತೀನಿ, ಒಂದು ತಂಬಗಿ ನೀರು ಕುಡೀತೀನಿ, ಹೊತ್ತು ಸರಿಸಿ ಏಳ್ತೀನಿ. ಮತ್ತ ಎಲ್ಲಿಗಿ ಅಂತಾಳ. ಹದಿನೇಳು ಸಲ ಆತು."

ಅವರ ಹೆಂಡತಿ ದೇವಕಮ್ಮ ಒಳಗಿನಿಂದ ಕೂಗಿದರು: "ಮನ್ಸೂರ, ನೀರಿನ ಹೌದ ಖಾಲಿ ಆಗ್ಯದ! ಅಕಿಗಿ ಬಾಯಿ ಮುಚ್ಚಕೋ ಅಂತ ಹೇಳಪ್ಪ, ಇಲ್ಲಾಂದ್ರ ಆ ಫೋನಿಗಿ ಒನಕಿ ತೋರಸ್ತೀನಿ!"

ಹದಿನೇಳು ಎಂದು ಅವರು ಹೇಳಿದ್ದು. ನಾನು ಅಲ್ಲಿ ನಿಂತಿದ್ದಾಗಲೇ ಮೂವತ್ತು ಸಲ ಎದ್ದು ಕೂತಿರಬೇಕು.

ಫೋನು ಮನೆಯಲ್ಲಿ ಬಿಟ್ಟು ಹೋದರೆ ಕೆಂಪು. ಹೋಗಿ ಬಂದಮೇಲೆ ತುಂಬೋಣವೆಂದರೆ ಕಳೆದುಹೋದ ಹೊತ್ತನ್ನು ಪಯಣಮಿತ್ರ ಒಪ್ಪುವುದಿಲ್ಲ. ತಿಂಗಳ ಕೊನೆಗೆ ಕಂಪನಿಯ ನಾಲ್ಕು ಸಾವಿರ ಚಿಲ್ಲರೆ ನೌಕರರಲ್ಲಿ ಅಡಿಯಿಂದ ಮುಡಿಯವರೆಗೆ ಕೆಂಪಾಗಿದ್ದವರು ಸೂಗಪ್ಪ ಕಾಕಾ ಒಬ್ಬರೇ. ಹೈದರಾಬಾದಿನ ಪ್ರವಾಸ ನೀತಿ ವಿಭಾಗದ ಅರ್ಜುಮಂದ ಮೇಡಂ ಅವರಿಂದ ನನಗೆ ಪತ್ರ ಬಂತು. ಅದರ ತಾತ್ಪರ್ಯ ಇಷ್ಟೆ: ಇನ್ನೊಂದು ತಿಂಗಳಲ್ಲಿ ಯಾದಗಿರಿ ಹಸಿರಾಗದಿದ್ದರೆ ಅಲ್ಲಿ ಟ್ರಾವೆಲ್ ಇನ್‌ಚಾರ್ಜ್ ಎನ್ನುವವನ ಅಗತ್ಯವಿಲ್ಲ, ನಿಮ್ಮನ್ನು ನಾಗಪುರದ ಗೋಡೌನಿಗೆ ಕಳಿಸಲಾಗುವುದು.

ನಾಗಪುರವೆಂದರೆ ನನಗೇನು ಭಯವಿಲ್ಲ. ಅಲ್ಲಿಯ ಬಿಸಿಲು ನನ್ನನ್ನು ಕಂಡರೆ ತಾನೇ ನೆರಳಿಗೆ ಹೋದೀತು. ಆದರೆ ನನ್ನ ಹೆಂಡತಿ ಸಾಬೇರಾ ಎರಡು ತಿಂಗಳ ಹಿಂದಷ್ಟೇ ನಡುಮನೆಯಲ್ಲಿ ಹೊಲಿಗೆ ಕ್ಲಾಸು ಶುರು ಮಾಡಿದ್ದಳು. ನಾಲ್ಕು ಮಷೀನು, ಹನ್ನೆರಡು ಹುಡುಗಿಯರು. ಪತ್ರ ಓದಿ ಅವಳು ಕತ್ತರಿಯನ್ನು ಮೇಜಿನ ಮೇಲೆ ಮೆಲ್ಲಗಿಟ್ಟಳು.

"ನೀವು ಹೋಗ್ರಿ. ನಾ ಬರಾಂಗಿಲ್ಲ. ಆ ಹುಡುಗ್ಯಾರು ಇನ್ನಾ ಕಾಲರ್ ಹಚ್ಚೂದು ಕಲ್ತಿಲ್ಲ."

"ನಾಗಪುರಕ ಯಾರು ಹೊಂಟಾರ? ನಾ ಏನರ ಮಾಡ್ತೀನಿ."

"ಏನು ಮಾಡ್ತೀರಿ? ರೈಲು ನಿಲ್ಲಿಸಿದಂಗ ಸಾಫ್ಟ್‌ವೇರ್ ನಿಲ್ಲಸ್ತೀರೇನು?" ಎಂದಳು. ಹನ್ನೆರಡೂ ಹುಡುಗಿಯರು ಒಟ್ಟಿಗೆ ನಕ್ಕರು.

ಆ ನಗುವಿನಲ್ಲೇ ನನಗೆ ಉಪಾಯ ಹೊಳೆಯಿತು. ಮುಂಚೆಯೇ ಊರು ದಾಖಲಾಗಿದ್ದರೆ ಫೋನಿನವಳು ಬಾಯಿ ಬಿಡುವುದಿಲ್ಲ. ದಾಖಲಿಸಲು ನಾನಿದ್ದೇನೆ. ಆದರೆ ಊರು ಗೊತ್ತಾಗಬೇಕಾದರೆ ಕಾಕಾನನ್ನು ಕೇಳಬೇಕು, ಕೇಳಿದರೆ ಕಾಕಾ ಕೂತುಬಿಡುತ್ತಾರೆ. ಹಾಗಾಗಿ ಕೇಳದೆ ತಿಳಿಯುವ ವಿದ್ಯೆ ಕಲಿತೆ. ದಿನಾ ಬೆಳಿಗ್ಗೆ ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಫೋನು ಮಾಡಿ, ನಮ್ಮ ಕಡೆ ಹೇಗೆ ಕೇಳಬೇಕೋ ಹಾಗೆ ಕೇಳುತ್ತಿದ್ದೆ:

"ದೂರ ಹೊಂಟೀರೇನ್ರಿ ಕಾಕಾ?"

"ಹೀಂಗ ಸ್ವಲ್ಪ" ಎಂದರೆ ಹತ್ತಿಕುಣಿ. "ಹ್ಞೂಂ, ಬರ್ತೀನಿ" ಎಂದರೆ ಶಹಾಪುರ. "ಬರೂದು ತಡಾ ಆಗ್ತದ" ಎಂದರೆ ಸುರಪುರ. ಕೆಮ್ಮಿ ಸುಮ್ಮನಾದರೆ ಭೀಮರಾಯನಗುಡಿ, ಏಕೆಂದರೆ ಅಲ್ಲಿ ಸರಕಾರಿ ಆಫೀಸುಗಳಿವೆ, ಕೆಲಸ ಆಗುತ್ತದೆಂಬ ಭರವಸೆ ಕಾಕಾನಿಗೂ ಇರುತ್ತಿರಲಿಲ್ಲ. ಅವರು ಬಾಗಿಲು ದಾಟುವುದರೊಳಗೆ ನಾನು ಊರು ಒತ್ತಿ ಆಗಿರುತ್ತಿತ್ತು. ಫೋನು ಮೂಕ. ಹೌದದಲ್ಲಿ ನೀರು ಉಳಿಯಿತು. ದೇವಕಮ್ಮ ನನಗೆ ರೊಟ್ಟಿಗೆಂದು ಒಂದು ಡಬ್ಬಿ ಶೇಂಗಾ ಹಿಂಡಿ ಕಳಿಸಿದರು.

ಇಪ್ಪತ್ತಾರು ದಿನದ ಕೆಲಸದಲ್ಲಿ ಇಪ್ಪತ್ತೈದು ದಿನ ಸರಿಯಾಗಿ ಹೇಳಿದೆ. ಒಂದು ದಿನ ಕಾಕಾನಿಗೆ ನಿಜವಾಗಿಯೂ ಕೆಮ್ಮಿತ್ತು.

ಹೈದರಾಬಾದಿನವರಿಗೆ ಸಂಶಯ ಬಂತು. ಒಂದು ತಿಂಗಳು ಪೂರ್ತಿ ಕೆಂಪಾಗಿದ್ದ ಮನುಷ್ಯ ಇದ್ದಕ್ಕಿದ್ದಂತೆ ಹಸಿರಾಗುವುದೆಂದರೇನು? ಅರ್ಜುಮಂದ ಮೇಡಂ ತಾವೇ ಹೊರಟರು. ರಾಯಚೂರಿನಿಂದ ಕಾರಿನಲ್ಲಿ ಸುರಪುರಕ್ಕೆ ಬಂದು, ನಮ್ಮ ಡೀಲರು ವಿಶ್ವರಾಧ್ಯನ ಅಂಗಡಿಯಲ್ಲಿ ಕೂತು, ಬೆಳಿಗ್ಗೆ ಹನ್ನೊಂದಕ್ಕೆ ಸೂಗಪ್ಪನನ್ನು ನೋಡುವುದೆಂದು ನನಗೆ ತಿಳಿಸಿದರು. ಅವತ್ತಿನ ಪ್ರಯಾಣ ಕೆಂಪಾದರೆ ನಾಗಪುರದ ಆರ್ಡರಿಗೆ ಅಲ್ಲೇ ಸಹಿ.

ಊರು ಮೊದಲೇ ಗೊತ್ತಿದ್ದ ದಿನ, ಇನ್ನೇನು ಬೇಕು? ಹಿಂದಿನ ಸಂಜೆಯೇ ಸುರಪುರ ಎಂದು ದಾಖಲಿಸಿದೆ. ಬೆಳಿಗ್ಗೆ ಎಂಟಕ್ಕೆ ಕಾಕಾನನ್ನು ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಡ್ರೈವರಿಗೆ ಒಂದು ಗೋಣು ಹಾಕಿ ಆಫೀಸಿಗೆ ಬಂದೆ. ಕಂಪ್ಯೂಟರಿನಲ್ಲಿ ಕಾಕಾ ಒಂದು ಹಸಿರು ಚುಕ್ಕಿಯಾಗಿ ಭೀಮೆಯ ಸೇತುವೆ ದಾಟಿದರು. ಇಂಥ ಚೆಂದದ ಚುಕ್ಕಿಯನ್ನು ನಾನು ನೋಡಿಲ್ಲ.

ಸೇತುವೆಯ ಆಚೆ ಚುಕ್ಕಿ ನಿಂತಿತು.

ಐದು ನಿಮಿಷ, ಹತ್ತು ನಿಮಿಷ. ಆಮೇಲೆ ಸರಿಯಿತು. ಎರಡು ಕಿಲೋಮೀಟರು ಹೋಗಿ ಮತ್ತೆ ನಿಂತಿತು. ಹೀಗೆ ಕುಂಟುತ್ತಾ ಕುಂಟುತ್ತಾ ದೋರನಹಳ್ಳಿ ಮುಟ್ಟುವಷ್ಟರಲ್ಲಿ ಹತ್ತೂಮುಕ್ಕಾಲು. ನಾನು ಫೋನು ಮಾಡಿದೆ.

"ಕಾಕಾ, ಬಸ್ಸು ಕೆಟ್ಟದೇನು?"

"ಬಸ್ಸು ಹೋತಪ್ಪ. ಇದು ಐದನೇ ಬಸ್ಸು, ಅದೂ ಹೋತು. ನಾ ಚಹಾದಂಗಡಿಯಾಗ ನೀರು ಕುಡ್ಯಾಕತ್ತೀನಿ."

"ಯಾಕ?"

"ಅಕಿ ಫೋನ್ ಹಚ್ಚಿ ಕೇಳಾಕತ್ಯಾಳ. ಮಶೀನಿನಾಕಿ ಅಲ್ಲ, ಖರೇನ ಹೆಂಗಸು. ಸೂಗಪ್ಪಾಜಿ, ಎಲ್ಲಿಗೆ ಹೊಂಟೀರಿ ಅಂತ. ಇಳದು ಕುಂತೆ."

"ಬಸ್ಸಿನ್ಯಾಗ ಕುಂತೇ ಇದ್ರಲ್ಲ ಕಾಕಾ! ಮತ್ಯಾಕ ಇಳೀಬೇಕು?"

"ಹುಚ್ಚದೀಯೇನು? ನಾ ಕುಂತ್ರ ಏನಾತು, ಬಸ್ಸು ಹೊಂಟದಲ್ಲ! ಊರು ಮುಟ್ಟೂತನಾ ಹೊಂಟಂಗೇ."

ಆಗ ನನಗೆ ಸಂಗತಿ ಅರ್ಥವಾಯಿತು. ಹೇಳಿದ ಊರಿಗೇ ಹೊರಟಿದ್ದಾರೋ ಇಲ್ಲವೋ ಎಂದು ನೋಡಲು ಅರ್ಜುಮಂದ ಮೇಡಂ ಸುರಪುರದಿಂದ ಫೋನು ಮಾಡಿ ಕೇಳುತ್ತಾರೆ. ಕಾಕಾ ಇಳಿದು ಕೂರುತ್ತಾರೆ. ಚುಕ್ಕಿ ನಿಂತದ್ದನ್ನು ಪಯಣಮಿತ್ರ ಮೇಡಂಗೆ ತಿಳಿಸುತ್ತದೆ. ಸಂಶಯದಿಂದ ಮೇಡಂ ಮತ್ತೆ ಫೋನು ಮಾಡುತ್ತಾರೆ. ಕಾಕಾ ಮತ್ತೆ ಇಳಿಯುತ್ತಾರೆ. ಈ ವೇಗದಲ್ಲಿ ಕಾಕಾ ಸುರಪುರ ಮುಟ್ಟುವುದು ರಂಜಾನ್ ಹೊತ್ತಿಗೆ, ನಾನು ನಾಗಪುರ ಮುಟ್ಟುವುದು ನಾಳೆ ಬೆಳಿಗ್ಗೆ.

ಅಷ್ಟರಲ್ಲಿ ನನ್ನ ಫೋನೇ ಹೊಡೆದುಕೊಂಡಿತು. ಮೇಡಂ ಅವರೇ.

"ಮನ್ಸೂರ ಸಾಬ್, ನಿಮ್ಮ ಮನುಷ್ಯ ಎಲ್ಲಿದ್ದಾನೆ? ಯಾಕೆ ನಿಂತಿದ್ದಾನೆ?"

"ಮೇಡಂ, ಬಸ್ಸಿನ ಆರೂ ಗಾಲಿ ಪಂಚರ್ರೀ."

"ಅವರು ಐದು ಬಸ್ಸು ಬದಲಿಸಿದ್ದಾರೆ."

"ಐದೂ ಬಸ್ಸಿನ ಆರೂ ಗಾಲಿ, ಮೂವತ್ತು. ರಸ್ತೆ ತುಂಬ ಮೊಳಿ ಚೆಲ್ಯಾರ. ಮ್ಯಾಲೆ ಒಂದು ಲಗ್ನದ ಮೆರವಣಿಗಿ ಅಡ್ಡ ಬಂದದ, ಎರಡು ಮೈಲು ಉದ್ದ. ಮದುಮಗ ಶಹಾಪುರದಾಗ ಅದಾನ, ಬ್ಯಾಂಡಿನವ್ರು ಇನ್ನಾ ಯಾದಗಿರ್ಯಾಗ ಅದಾರ."

"ಮ್ಯಾಪಿನಲ್ಲಿ ರಸ್ತೆ ಖಾಲಿ ಇದೆ ಮನ್ಸೂರ ಸಾಬ್." ದನಿ ತಣ್ಣಗಿತ್ತು. "ನಾಗಪುರದ ಕಾಗದ ನನ್ನ ಮುಂದೆ ಇದೆ. ಪೆನ್ನೂ ಇದೆ. ಈಗ ನಿಜ ಹೇಳಿ."

ನಿಜ ಹೇಳುವುದು ನನಗೆ ರೂಢಿಯಿಲ್ಲದ ಕೆಲಸ. ಸಾಬೇರಾಳ ಹನ್ನೆರಡು ಹುಡುಗಿಯರು, ಅರ್ಧ ಹಚ್ಚಿದ ಕಾಲರುಗಳು ಕಣ್ಣ ಮುಂದೆ ಬಂದವು.

"ಮೇಡಂ, ಆ ಮನುಷ್ಯ ಹೊಂಟಾಗ ನೀವು ಎಲ್ಲಿಗಿ ಅಂತ ಕೇಳಾಕತ್ತೀರಿ. ಕೇಳಿದ್ರ ಅವ್ರು ಇಳದು ಕುಂಡರ್ತಾರ, ನೀರು ಕುಡೀತಾರ. ಕಂಪನಿ ಮ್ಯಾಲೆ ಸಿಟ್ಟಲ್ಲ, ಕಳ್ಳತನ ಅಲ್ಲ. ಅಷ್ಟೇ ರಿ. ಇದರಾಗ ಒಂದು ಮಾತೂ ಸುಳ್ಳಿಲ್ಲ."

ಆ ಕಡೆ ಪೆನ್ನು ಓಡುತ್ತಿದೆ ಎಂದುಕೊಂಡೆ. ಆಮೇಲೆ ಬಂದ ದನಿ ಆಫೀಸಿನದಾಗಿರಲಿಲ್ಲ.

"ಯಾ ಅಲ್ಲಾ! ಮೈ ಟೋಕ್ ದೀ ಕ್ಯಾ ಉನೋಂಕು?"

ಕಾಕಾನನ್ನು ತಾವು ಟೋಕಿಬಿಟ್ಟೆವೇನು ಎಂದು ಮೇಡಂ ದಖನಿಯಲ್ಲಿ ಕೇಳಿದ್ದಕ್ಕೆ ನಾನು ಖುರ್ಚಿಯಿಂದ ಎದ್ದು ನಿಂತೆ.

"ನಮ್ಮ ನಾನಿ, ತಾಯಿಯ ತಾಯಿ ಚಾಂದಬೀ, ಗುರುಮಠಕಲ್‌ನವರು" ಎಂದರು ಅವರು, ಕನ್ನಡ ದಖನಿ ಎರಡನ್ನೂ ಕಲಸಿ. "ನಮ್ಮ ಅಪ್ಪ, ಅಬ್ಬಾ, ಡ್ಯೂಟಿಗೆ ಹೊರಟಾಗ ನಾ ಕಹಾಂ, ಎಲ್ಲಿಗೆ ಅಂತ ಕೇಳಿದ್ದಕ್ಕೆ ನನ್ನನ್ನು ಮೂಲೆಯಲ್ಲಿ ನಿಲ್ಲಿಸಿದ್ದರು. ಮನ್ಸೂರಭಾಯ್, ಆ ಫೋನಿನ ದನಿ ಯಾರದು ಗೊತ್ತೇನು? ನಂದೇ. ಕನ್ನಡ ಬರುವವರು ಅಂತ ನನ್ನಿಂದಲೇ ರೆಕಾರ್ಡ್ ಮಾಡಿಸಿದರು. ಎರಡು ತಿಂಗಳಿಂದ ಏಳು ಜಿಲ್ಲೆಗಳ ಜನರನ್ನ ಬೆಳಿಗ್ಗೆ ಬೆಳಿಗ್ಗೆ ಟೋಕುತ್ತಾ ಬಂದಿದ್ದೇನೆ! ಬೀದರಿನಿಂದ ರಾಯಚೂರಿನವರೆಗೆ ಎಲ್ಲರೂ ಅರ್ಧ ತಾಸು ತಡವಾಗಿ ಹೊರಡುತ್ತಾರೆ ಅಂತ ಚಾರ್ಟಿನಲ್ಲಿತ್ತು. ಸೋಮಾರಿಗಳು ಅಂತ ನಾನೇ ರಿಪೋರ್ಟ್ ಬರೆದೆ. ನೀರು ಕುಡೀತಿದ್ದರೇನು ಎಲ್ಲರೂ?"

"ನಮ್ಮಲ್ಲಿ ಹರೇದವ್ರು ನಗ್ತಿದ್ರು ಮೇಡಂ. ಮನಿಗಿ ಹೋಗಿ ಕುಡೀತಿದ್ರೋ ಏನೋ, ಯಾರಿಗ್ಗೊತ್ತು."

ಆಮೇಲೆ ಅವರು ಫೋನು ಮಾಡಲಿಲ್ಲ. ಆದರೂ ನನಗೆ ಧೈರ್ಯ ಬರದೆ ಬೈಕು ತೆಗೆದೆ. ದೋರನಹಳ್ಳಿಯಲ್ಲಿ ಕಾಕಾನನ್ನು ಹಿಂದೆ ಕೂರಿಸಿಕೊಂಡು, ಶಹಾಪುರ ದಾಟಿ ಸುರಪುರಕ್ಕೆ ಬಿಟ್ಟೆ. ಎಷ್ಟು ವೇಗವೆಂದರೆ ಹತ್ತಿಗೂಡೂರಿನಲ್ಲಿ ನಮ್ಮ ನೆರಳು ಹಿಂದೆ ಉಳಿದಿತ್ತು. ನಡುವೆ ಮೂರು ಸಲ ನಿಲ್ಲಬೇಕಾಯಿತು. ಅಷ್ಟು ನೀರು ಕುಡಿದ ಮನುಷ್ಯ, ಪಾಪ.

ವಿಶ್ವರಾಧ್ಯನ ಅಂಗಡಿಯಲ್ಲಿ ಪೈಪಿನ ಸುರುಳಿಗಳ ನಡುವೆ ಮೂವತ್ತೈದರ ಆಸುಪಾಸಿನ ಹೆಣ್ಣುಮಗಳೊಬ್ಬಳು ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು ಎದ್ದು ನಿಂತು, ಬನ್ನಿ ಎಂದಳು. ಕಾಕಾ ಅವಳ ದನಿ ಕೇಳಿದೊಡನೆ ಕಿಸೆ ಮುಟ್ಟಿ ನೋಡಿಕೊಂಡರು.

"ಇಕೀನ ಏನೋ ಅಕಿ?"

"ನಾನೇ ಕಾಕಾ" ಎಂದರು ಮೇಡಂ. "ತಪ್ಪಾಯ್ತು."

ಕಾಕಾ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ದನಿ ಛಲೋ ಅದವ್ವ. ಮಾತಷ್ಟು ಬದಲಿ ಮಾಡು" ಎಂದು ಪೈಪಿನ ತುಂಡನ್ನು ಕಂಕುಳಿಗೆ ಸಿಕ್ಕಿಸಿ ಚಹಾಕ್ಕೆ ಕೂತರು.

ಮೇಡಂ ನಾಗಪುರದ ಕಾಗದ ತೆಗೆದರು.

"ಇದೊಂದು ಹೇಳಿ ಮನ್ಸೂರಭಾಯ್. ಹೋದ ತಿಂಗಳು ಇವರ ಊರು ಹೆಚ್ಚುಕಡಿಮೆ ದಿನಾ ಹಸಿರಾಗಿದ್ದು ಹೇಗೆ? ಕೇಳಿದರೆ ಕೂತುಬಿಡ್ತಾರಲ್ಲ."

ಇಲ್ಲಿ ಇಪ್ಪತ್ತೈದು ದಿನದ ಸಂಗತಿ ಹೇಳಿ ಸುಮ್ಮನಾಗಬೇಕಾಗಿತ್ತು. ಆದರೆ ಬೆಳಿಗ್ಗೆ ನಿಜ ಹೇಳಿದ್ದ ಬಾಯಿಗೆ ಮಧ್ಯಾಹ್ನಕ್ಕೆ ಬಡಾಯಿಯ ಹಸಿವಾಗಿತ್ತು.

"ಇವ್ರದೇನು ದೊಡ್ಡ ಮಾತು ಮೇಡಂ? ಒಂದು ಮಾತಾಡಿದ್ರ ಸಾಕು, ಯಾವ ಮನುಷ್ಯ ಯಾವ ಊರಿಗಿ ಹೊಂಟಾನ ಅಂತ ಹೇಳ್ತೀನಿ. ಕೆಮ್ಮಿದ್ರೂ ಸಾಕು. ಬೀದರದವ ಆಗ್ಲಿ, ಬಳ್ಳಾರಿಯವ ಆಗ್ಲಿ."

ಆಗಲೇ ಒಬ್ಬ ರೈತ ಸುರುಳಿ ಹೊತ್ತು ಅಂಗಡಿಯಿಂದ ಇಳಿಯುತ್ತಿದ್ದ. ಮೇಡಂ ಹುಬ್ಬೇರಿಸಿದರು. ನಾನು ಅವನತ್ತ ತಿರುಗಿ ಕೇಳಿದೆ: "ದೂರ ಹೊಂಟೀರೇನ್ರಿ?"

"ಏ, ಇಲ್ಲೇ ರಿ."

"ಹತ್ತಿಗೂಡೂರು" ಎಂದೆ, ಕಣ್ಣು ಮುಚ್ಚಿ.

ವಿಶ್ವರಾಧ್ಯ ಹೌಹಾರಿದ. "ಅಬಬ! ಖರೇನ ಹತ್ತಿಗೂಡೂರಿನವ!"

ಆ ರೈತನ ಚೀಲದ ಮೇಲೆ ಹತ್ತಿಗೂಡೂರಿನ ಗೊಬ್ಬರದಂಗಡಿಯ ಹೆಸರಿತ್ತು. ಅದನ್ನು ಯಾರೂ ನೋಡಲಿಲ್ಲ, ನಾನೂ ತೋರಿಸಲಿಲ್ಲ.

ಅರ್ಜುಮಂದ ಮೇಡಂ ನಾಗಪುರದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಹರಿದರು. ಹರಿಯುತ್ತಲೇ ಹೇಳಿದರು: "ಇವತ್ತಿನಿಂದ ಈ ಏಳು ಜಿಲ್ಲೆಗಳಲ್ಲಿ ಫೋನು ಎಲ್ಲಿಗೆ ಅಂತ ಕೇಳುವುದಿಲ್ಲ. ಆದರೆ ಊರು ದಾಖಲಾಗದೆ ಯಾರೂ ಹೋಗುವ ಹಾಗಿಲ್ಲ, ನೀತಿ ಅಂದರೆ ನೀತಿ. ಅದಕ್ಕೇ ಬೆಳಿಗ್ಗೆ ಎಲ್ಲರೂ ನಿಮಗೆ ಫೋನು ಮಾಡುತ್ತಾರೆ. ನೀವು ತಿಳಿದುಕೊಂಡು ಬರೆಯಿರಿ."

"ಎಲ್ಲರೂ ಅಂದ್ರ ಎಷ್ಟು ಮಂದಿ ರಿ?"

"ಇನ್ನೂರ ಹದಿನಾಲ್ಕು."

ಮನೆಗೆ ಬಂದು ಹೇಳಿದಾಗ ಸಾಬೇರಾ ಬಹಳ ಹೊತ್ತು ನಕ್ಕಳು. ಆಮೇಲೆ ಮಷೀನಿನ ಮೇಲಿನ ಹೊದಿಕೆ ತೆಗೆದಳು.

ಈಗ ಬೆಳಿಗ್ಗೆ ಆರಕ್ಕೆ ಶುರು. ಬೀದರಿನವನು "ಹ್ಞೂಂ" ಎನ್ನುತ್ತಾನೆ. ಸಿಂಧನೂರಿನವನು "ನೋಡೋಣ್ರಿ" ಎನ್ನುತ್ತಾನೆ. ಮುಖ ನೋಡದ ಮನುಷ್ಯರ "ಹ್ಞೂಂ"ನಲ್ಲಿ ಯಾವ ಊರಿದೆಯೋ, ಏನು ಬರೆಯಲಿ? ಬಾಯಿಗೆ ಬಂದ ಊರು ಬರೆಯುತ್ತೇನೆ. ಆದರೂ ಮೂರು ತಿಂಗಳಿಂದ ಒಂದೂ ತಪ್ಪಿಲ್ಲ. ಇನ್ನೂರ ಹದಿನಾಲ್ಕೂ ಹಸಿರು. ಹೈದರಾಬಾದಿನವರು ನನ್ನ ಫೋಟೋ ಗೋಡೆಗೆ ಹಾಕಿದ್ದಾರಂತೆ. ಇದು ಹೇಗೆ ಸಾಧ್ಯ ಎಂದು ನನಗೇ ದಿಗಿಲಾಗಿತ್ತು. ನಿನ್ನೆ ಗೊತ್ತಾಯಿತು.

ಮಧ್ಯಾಹ್ನ ಸೂಗಪ್ಪ ಕಾಕಾ ಫೋನು ಮಾಡಿದರು.

"ಮನ್ಸೂರ, ನೀ ನನ್ನ ಹೆಸರಿಗಿ ಭೀಮರಾಯನಗುಡಿ ಅಂತ ಬರದೀಯೇನು?"

"ಹೌದ್ರಿ ಕಾಕಾ. ಮುಂಜಾನಿ ನೀವು ಮಾತೇ ಆಡಲಿಲ್ಲ, ಸುಮ್ಮ ಕೆಮ್ಮಿದ್ರಿ."

"ನಾ ಇವತ್ತು ರಜಾ ಹಾಕಿ ಮನಿಯಾಗ ಮಲಗೀನಿ, ಜ್ವರ ಅದ. ಬಿಡು, ಎಲ್ಲಾರೂ ಫೋನಿನ್ಯಾಗ ನೋಡಿ ನೀ ಬರದ ಊರಿಗೇ ಹೊಂಟಾರ, ಕೆಂಪು ಆಗೂದು ಬ್ಯಾಡ ಅಂತ. ಆ ರಾಯಚೂರಿನ ಹುಡುಗ ದೇವದುರ್ಗಕ್ಕ ಹೋಗಬೇಕಾದವ, ನೀ ಮಾನ್ವಿ ಅಂತ ಬರದೀದಿ ಅಂತ ಮಾನ್ವಿಗೇ ಹೋಗಿ, ಅಲ್ಲಿ ಎಂಟು ಎಕರೆದ ಪೈಪು ಮಾರ್ಯಾನ. ಈಗ ಹೇಳು ಮತ್ತ, ನಾನೂ ಎದ್ದು ಹೊಂಡ್ಲೇನು?"

ನಾನು ಕಿಟಕಿಯಿಂದ ಆಚೆ ನೋಡಿದೆ. ಭೀಮರಾಯನಗುಡಿಯ ಕಡೆ ಮೋಡ ಕವಿದಿತ್ತು.

"ಬ್ಯಾಡ್ರಿ ಕಾಕಾ, ಮಲ್ಕೋರಿ. ಫೋನ್ ಒಂದು ಕೊಡ್ರಿ. ಅದನ್ನ ನಾನೇ ಭೀಮರಾಯನಗುಡಿಗಿ ಒಯ್ದು ತಿರುಗಿಸಿಕೊಂಡು ಬರ್ತೀನಿ."